ಶ್ರುತಭಂಡಾರಗಳಿಗೆ ಒಂದೇ ಸೂಚಿ

(ಅನಗೋಳದ ಬಸದಿಯ ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ನೀಡಿದ ಉಪನ್ಯಾಸ)

 

ಜಿನಬಿಂಬದ ಪ್ರತಿಷ್ಠೆಯಾದ ಸನ್ನಿಧಿಯಲ್ಲಿ ಜಿನವಾಣಿಯ ರಕ್ಷಣೆಯ ಮಾತು ಬರುವುದು ಸಹಜವೇ ಆಗಿದೆ. ದೇವ, ಶಾಸ್ತ್ರ, ಗುರು ಈ ಮೂವರನ್ನೂ ಒಟ್ಟಿಗೆ ಪೂಜಿಸುವ ಸಮಾಜವಿದು. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಕನ್ನಡ ನಾಡು ಕೊಟ್ಟ ಆದರ್ಶ ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆ ಹಂಚಿದಳೆಂಬುದು ಸರ್ವವಿದಿತ. ಗ್ರಂಥ ಒಂದೇ ಕಡೆ ಇದ್ದರೆ ಗೆದ್ದಲಿಗೂ ಬೆಂಕಿಗೂ ತುತ್ತಾಗುತ್ತದೆ, ಹಲವೆಡೆ ಇದ್ದರೆ ಒಂದಾದರೂ ಉಳಿಯುತ್ತದೆ ಎಂಬ ವಿವೇಕ ಆ ದಾನದಲ್ಲಿತ್ತು. ಆದರೆ ಹಲವೆಡೆ ಉಳಿದುದು ಎಲ್ಲೆಲ್ಲಿ ಇದೆಯೆಂದು ತಿಳಿಯದಿದ್ದರೆ ಆ ದಾನದ ಫಲ ಅರ್ಧಕ್ಕೇ ನಿಲ್ಲುತ್ತದೆ.

ಇದಕ್ಕೆ ಷಟ್ಖಂಡಾಗಮದ ಇತಿಹಾಸವೇ ಸಾಕ್ಷಿ. ವೀರಸೇನಾಚಾರ್ಯರ ಧವಲಾ ಟೀಕೆಯೊಡನೆ ಈ ಆಗಮದ ಪ್ರಾಚೀನ ತಾಡವೋಲೆಗಳು ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ರಕ್ಷಿಸಲ್ಪಟ್ಟವು. ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ ಧವಲಾ 16 ಸಂಪುಟಗಳಲ್ಲಿ ಮುದ್ರಿತವಾಯಿತು. ಆರಂಭದಲ್ಲಿ ಸಂಪಾದಕರಿಗೆ ದೊರೆತವು ಕಾಗದದ ಮೇಲಿನ ಪ್ರತಿಯ ಪ್ರತಿಗಳು ಮಾತ್ರ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ಒಂದು ಪದ ಬಿಟ್ಟುಹೋಗಿರಬೇಕೆಂದು ಅವರು ಊಹಿಸಿದರು. ಈ ಊಹೆ ವಿದ್ವಾಂಸರಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಮುಂದೆ ಮೂಡಬಿದಿರೆಯ ಓಲೆಗಳೊಡನೆ ಹೋಲಿಸಿದಾಗ ಆ ಪದ ಅಲ್ಲಿ ಕಂಡುಬಂದಿತು. ಒಂದೇ ಪದ, ಆದರೆ ಸಿದ್ಧಾಂತದ ಪದ. ಯಾವ ಪ್ರತಿ ಎಲ್ಲಿದೆ, ಅದು ಯಾವುದನ್ನು ನೋಡಿ ಬರೆದುದು, ಎಷ್ಟು ಹಳೆಯದು ಎಂಬ ವಿವರ ಕೇವಲ ಪಂಡಿತರ ಕುತೂಹಲವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಿರಿಯ ವಿದ್ವಾಂಸರು ಈ ಕಾರ್ಯವನ್ನು ಕಡೆಗಣಿಸಲಿಲ್ಲ. ಎಚ್. ಡಿ. ವೇಲಣಕರ್ ಅವರ ಜಿನರತ್ನಕೋಶ 1944ರಲ್ಲಿ ಪುಣೆಯ ಭಾಂಡಾರಕರ್ ಸಂಸ್ಥೆಯಿಂದ ಹೊರಬಂದಿತು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದೆಡೆಯ ಭಂಡಾರಗಳ ಓಲೆಗಳನ್ನು ಪರಿಶೀಲಿಸಿ ರಚಿಸಿದ ತಾಡಪತ್ರೀಯ ಗ್ರಂಥಸೂಚಿಯನ್ನು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠ ಪ್ರಕಟಿಸಿತು. 2003ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. ಇಂದು ಓಲೆಗಳ ಛಾಯಾಚಿತ್ರ ತೆಗೆದು ಗಣಕಯಂತ್ರದಲ್ಲಿ ಇರಿಸುವ ಕಾರ್ಯ ಅನೇಕ ಕಡೆ ನಡೆದಿದೆ. ಆದರೆ ವಿವರವಿಲ್ಲದ ಚಿತ್ರವು ದಾರ ಕಡಿದು ಚದುರಿದ ಓಲೆಯಂತೆ. ಅದು ಇದ್ದೂ ಇಲ್ಲದಂತೆಯೇ.

ವಿವರವಿದ್ದರೂ ಪ್ರತಿಯೊಂದು ಸಂಸ್ಥೆ ತನಗೆ ತೋಚಿದಂತೆ ಬರೆದರೆ ತೊಡಕು ತಪ್ಪದು. ನಾಗಚಂದ್ರನ ರಾಮಚಂದ್ರಚರಿತಪುರಾಣವನ್ನು ಒಂದು ಭಂಡಾರ ಆ ಹೆಸರಿನಿಂದಲೂ ಇನ್ನೊಂದು ಪಂಪರಾಮಾಯಣವೆಂದೂ ಬರೆಯಬಹುದು. ಕವಿಯ ಅಭಿನವಪಂಪನೆಂಬ ಬಿರುದನ್ನು ಅರಿಯದವನು ಅದನ್ನು ಆದಿಕವಿ ಪಂಪನ ಕೃತಿಗಳ ಸಾಲಿಗೆ ಸೇರಿಸಿಯಾನು. ಮಹಾಪುರಾಣದ ಜಿನಸೇನಾಚಾರ್ಯರೇ ಬೇರೆ, 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಪುನ್ನಾಟ ಸಂಘದ ಜಿನಸೇನರೇ ಬೇರೆ. ಧವಲಾದ ಲಿಪಿ ಹಳಗನ್ನಡ, ಭಾಷೆ ಪ್ರಾಕೃತ ಮತ್ತು ಸಂಸ್ಕೃತ; ಲಿಪಿಗೂ ಭಾಷೆಗೂ ಒಂದೇ ಕಲಮನ್ನಿಟ್ಟರೆ ಅದು ಕನ್ನಡ ಗ್ರಂಥವಾಗಿಬಿಡುತ್ತದೆ. ಕಾಲವನ್ನು ಒಬ್ಬರು ಶಕವರ್ಷದಲ್ಲಿ, ಒಬ್ಬರು ವಿಕ್ರಮ ಸಂವತ್ಸರದಲ್ಲಿ, ಮತ್ತೊಬ್ಬರು ವೀರನಿರ್ವಾಣ ಸಂವತ್ಸರದಲ್ಲಿ ಬರೆದರೆ ಹಿಂದುಮುಂದು ತಿಳಿಯುವುದೆಂತು?

ಬೆಳಗಾವಿಗೂ ಈ ಮಾತು ದೂರದ್ದಲ್ಲ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಬೀಚಿರಾಜನು ಕಟ್ಟಿಸಿದ ಬಸದಿಗೆ ದತ್ತಿ ಬಿಟ್ಟುದನ್ನು ಹೇಳುವ 1204ರ ಎರಡು ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿವೆ. ಶಾಸನದಲ್ಲಿ ಊರು ವೇಣುಗ್ರಾಮ. ಆಂಗ್ಲರ ಬರಹದಲ್ಲಿ ಬೆಳಗಾಂ. 2014ರಿಂದ ಸರ್ಕಾರಿ ದಾಖಲೆಯಲ್ಲಿಯೂ ಬೆಳಗಾವಿ. ಮೂರೂ ಒಂದೇ ಊರೆಂದು ಸೂಚಿಯೇ ಹೇಳದಿದ್ದರೆ, ಕೋಟೆಯ ಕಮಲಬಸದಿಯ ಮುಂದೆ ನಿಂತ ವಿದ್ಯಾರ್ಥಿಗೆ ಆ ಕಲ್ಲುಗಳ ಸುಳಿವು ಸಿಕ್ಕುವುದು ಕಷ್ಟ.

ಪರಿಹಾರ ಅಸಾಧ್ಯವಾದುದಲ್ಲ. 1995ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ಗ್ರಂಥಪಾಲರೂ ಗಣಕತಜ್ಞರೂ ಕಲೆತು ನಡೆಸಿದ ವಿಚಾರದಿಂದ ಎಲ್ಲರೂ ಒಪ್ಪಬಹುದಾದ ವಿವರಗಳ ಒಂದು ಪಟ್ಟಿ ಹುಟ್ಟಿತು. ಅದು 15 ಅಂಶಗಳಾಗಿ ನೆಲೆಗೊಂಡು ಡಬ್ಲಿನ್ ಕೋರ್ ಎಂದು ಪ್ರಸಿದ್ಧವಾಯಿತು. ಅಲ್ಪವನ್ನೇ ಕೇಳು, ಆದರೆ ಎಲ್ಲರಿಂದಲೂ ಅದನ್ನೇ ಕೇಳು ಎಂಬುದೇ ಅದರ ತಿರುಳು. ಶ್ರುತಭಂಡಾರಗಳಿಗೆ ಅದರ ಮೇಲೆ ಕೆಲವು ಅಂಶಗಳು ಬೇಕು: ಓಲೆಯೋ ಕಾಗದವೋ, ಗರಿಗಳೆಷ್ಟು, ಉದ್ದಗಲವೆಷ್ಟು, ಪುಟಕ್ಕೆ ಸಾಲುಗಳೆಷ್ಟು, ಸಂಪೂರ್ಣವೋ ಅಸಂಪೂರ್ಣವೋ, ಆದಿ ಅಂತ್ಯ ವಾಕ್ಯಗಳೇನು, ಲಿಪಿಕಾರನಾರು, ಬರೆಯಿಸಿ ದಾನವಿತ್ತವರಾರು. ಗ್ರಂಥದಲ್ಲಿರುವ ಹೆಸರನ್ನೂ ತಿಥಿಯನ್ನೂ ಇದ್ದಂತೆಯೇ ಬರೆದು, ಪಕ್ಕದಲ್ಲಿ ಎಲ್ಲರೂ ಒಪ್ಪಿದ ರೂಪವನ್ನು ಕೊಟ್ಟರೆ ಹಳೆಯದು ಅಳಿಯದು, ಹೊಸಬನಿಗೆ ದಾರಿ ತಪ್ಪದು.

ಮನೆತನಗಳಲ್ಲಿ ಒಂದು ಅಂಜಿಕೆ ಉಂಟು. ವಿವರ ಕೊಟ್ಟರೆ ಗ್ರಂಥವೂ ಕೈಬಿಟ್ಟುಹೋದೀತೆಂಬುದು ಅದು. ಅಂಜಿಕೆ ನಿರಾಧಾರವೆನ್ನಲಾಗದು, ಊರಿನ ಶಾಸನಗಳೇ ಸಾಗರ ದಾಟಿ ಹೋಗಿವೆ. ಆದುದರಿಂದಲೇ ಒಡೆತನದ ಕಲಮು ಸೂಚಿಯಲ್ಲಿ ಸ್ಪಷ್ಟವಾಗಿರಬೇಕು, ಮನೆಯವರ ಅನುಮತಿಯಿಲ್ಲದೆ ವಿಳಾಸ ಪ್ರಕಟವಾಗಬಾರದು. ಸೂಚಿಗೆ ವಿವರ ಕೊಡುವುದೆಂದರೆ ಗ್ರಂಥವನ್ನು ಕೊಡುವುದಲ್ಲ. ದಾಖಲಾದ ಗ್ರಂಥ ಕಳೆದುಹೋದರೆ ಹುಡುಕಲು ಆಧಾರವಾದರೂ ಇರುತ್ತದೆ. ದಾಖಲಾಗದುದು ಕಳೆದುಹೋದರೆ ಅದು ಇದ್ದಿತೆಂಬುದೇ ತಿಳಿಯದು.

ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪೂಜೆ ನಡೆಯುತ್ತದೆ. ಅಂದು ಕಟ್ಟುಗಳನ್ನು ಬಿಚ್ಚಿ, ಧೂಳು ಒರೆಸಿ, ಹೊಸ ವಸ್ತ್ರ ಸುತ್ತುವುದು ಹಿರಿಯರು ಹಾಕಿಕೊಟ್ಟ ಪದ್ಧತಿ. ಆ ದಿನವೇ ಪ್ರತಿಯೊಂದು ಕಟ್ಟಿಗೂ ಒಂದು ವಿವರಪತ್ರ ತುಂಬಿದರೆ ಪೂಜೆ ಪೂರ್ಣವಾದಂತಾಗುತ್ತದೆ. ಓದು ಬಲ್ಲ ತರುಣರು ಬರೆಯಲಿ, ಹಳಗನ್ನಡ ಲಿಪಿ ಬಲ್ಲ ಹಿರಿಯರು ಪಕ್ಕದಲ್ಲಿ ಕುಳಿತು ತಿದ್ದಲಿ. ಹಿರಿಯರು ಇರುವಾಗಲೇ ಈ ಕಾರ್ಯ ಆಗಬೇಕು. ಓಲೆ ಇನ್ನೂ ಕೆಲವು ಕಾಲ ಕಾದೀತು, ಓದಬಲ್ಲ ಕಣ್ಣುಗಳು ಅಷ್ಟು ಕಾಲ ಕಾಯಲಾರವು. ಅತ್ತಿಮಬ್ಬೆಯ ದಾನವನ್ನು ಮುಂದುವರಿಸುವ ಈ ಕಾರ್ಯ ಅನಗೋಳದ ಈ ಪುಣ್ಯಸನ್ನಿಧಿಯಿಂದಲೇ ಮೊದಲಾಗಲಿ.