ಬಂಪರ್ ಸೀಳಿದ್ರೆ ಕ್ಲೇಮ್ ಹಾಕ್ಬೇಕಾ? ಕಾರ್ ಇನ್ಶೂರೆನ್ಸ್‌ನಲ್ಲಿ ದುಡ್ಡು ಉಳಿಸೋ ಲೆಕ್ಕ

ಇವತ್ತು ನನ್ನದೇ ಒಂದು ದಡ್ಡತನದಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ರಿವರ್ಸ್ ತಗೊಳ್ಳುವಾಗ ಕಂಬಕ್ಕೆ ಗುದ್ದಿಬಿಟ್ಟೆ. ಹಿಂದಿನ ಬಂಪರ್ ಸೀಳಿತು. ಗ್ಯಾರೇಜಲ್ಲಿ 6,200 ರೂಪಾಯಿ ಎಸ್ಟಿಮೇಟ್ ಕೊಟ್ಟು, 'ಇನ್ಶೂರೆನ್ಸ್ ಇದೆಯಲ್ಲ ಮೇಡಂ, ಕ್ಲೇಮ್ ಹಾಕ್ಬಿಡೋಣ' ಅಂದ್ರು. ನಾನೂ ಹೂಂ ಅಂದೆ. ವರ್ಷ ವರ್ಷ ದುಡ್ಡು ಕಟ್ಟೋದು ಮತ್ಯಾಕೆ, ಅಲ್ವಾ?

ಬಿಲ್ ಬಂದಾಗ ಮೊದಲ ಶಾಕ್. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅದರ ಅರ್ಧ ಬೆಲೆ ಸವಕಳಿ ಅಂತ ಕಳೆದ್ರು. ಪೇಂಟ್‌ಗೂ ಸ್ವಲ್ಪ ಕಳೆದ್ರು. ಪ್ರತಿ ಕ್ಲೇಮ್‌ನಲ್ಲೂ ನಾವೇ ಕಟ್ಟಬೇಕಾದ ಕಡ್ಡಾಯ 1,000 ರೂಪಾಯಿ ಬೇರೆ. ಕೊನೆಗೆ ಕಂಪನಿ ಕೊಟ್ಟಿದ್ದು 3,100 ರೂಪಾಯಿ.

ಎರಡನೇ ಶಾಕ್ ರಿನ್ಯೂವಲ್ ದಿನ. ನನಗೆ ಸಿಗ್ತಿದ್ದ ನೋ ಕ್ಲೇಮ್ ಬೋನಸ್, ಅಂದ್ರೆ ಎನ್‌ಸಿಬಿ, ಸೊನ್ನೆ ಆಗಿತ್ತು.

ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ಪಾಲಿಸಿಯಲ್ಲಿ ಮುಖ್ಯವಾಗಿ ಎರಡು ಭಾಗ ಇರುತ್ತೆ. ಒಂದು ಥರ್ಡ್ ಪಾರ್ಟಿ: ನಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ಹಾನಿಗೆ. ಇದು ಕಾನೂನಿನ ಪ್ರಕಾರ ಕಡ್ಡಾಯ, ದರವನ್ನ ಸರ್ಕಾರವೇ ನಿಗದಿ ಮಾಡುತ್ತೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ 1,000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094, ಅಲ್ಲಿಂದ 1,500 ಸಿಸಿವರೆಗೆ 3,416 ರೂಪಾಯಿ. ಯಾವ ಕಂಪನಿಗೆ ಹೋದ್ರೂ ಅಷ್ಟೇ, ಚೌಕಾಸಿ ನಡೆಯಲ್ಲ. ಇನ್ನೊಂದು ಓನ್ ಡ್ಯಾಮೇಜ್: ನಮ್ಮ ಗಾಡಿಗೆ ಆಗೋ ಹಾನಿಗೆ. ಉಳಿತಾಯದ ಆಟ ಹೆಚ್ಚಾಗಿ ನಡೆಯೋದು ಇಲ್ಲೇ. ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಇದರಲ್ಲಿ ಶೇ 20 ರಿಯಾಯಿತಿ, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಏರೋದು ಮೆಟ್ಟಿಲು ಮೆಟ್ಟಿಲಾಗಿ, ಬೀಳೋದು ಮಾತ್ರ ಒಂದೇ ಸಲ ನೆಲಕ್ಕೆ.

ನಾನು 35ರಲ್ಲಿದ್ದೆ, ಮುಂದಿನ ರಿನ್ಯೂವಲ್‌ಗೆ 45 ಸಿಗಬೇಕಿತ್ತು. ಓನ್ ಡ್ಯಾಮೇಜ್ ಪ್ರೀಮಿಯಂ 9,000 ಅಂತ ಇಟ್ಕೊಳ್ಳಿ. ಮೊದಲ ವರ್ಷ ಕಳ್ಕೊಂಡಿದ್ದು 4,050. ಎರಡನೇ ವರ್ಷ 50ರ ಬದಲು 20, ಅಂದ್ರೆ 2,700. ಮೂರನೇ ವರ್ಷ 2,250, ನಾಲ್ಕನೇ ವರ್ಷ 1,350, ಐದನೇ ವರ್ಷ 450. ಒಟ್ಟು 10,800. ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ಗಾಡಿ ಹಳೇದಾದ ಹಾಗೆ ಪ್ರೀಮಿಯಂ ಸ್ವಲ್ಪ ಇಳಿಯಬಹುದು, ಆದ್ರೂ 3,100 ರೂಪಾಯಿಗೋಸ್ಕರ ನಾನು ಮಾಡ್ಕೊಂಡಿದ್ದು ಇದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ, ನಂದು ಬಂಪರ್‌ಗೆ ಹೋಯ್ತು!

ಹಾಗಂತ ಕ್ಲೇಮೇ ಮಾಡ್ಬೇಡಿ ಅಂತಿಲ್ಲ. ದೊಡ್ಡ ಬಿಲ್ ಬಂದ್ರೆ ಖಂಡಿತ ಮಾಡಿ, ಪಾಲಿಸಿ ಇರೋದೇ ಅದಕ್ಕೆ. ಗ್ಯಾರೇಜಲ್ಲಿ ನಿಂತು ಹೂಂ ಅನ್ನೋ ಮುಂಚೆ ಈ ಲೆಕ್ಕವನ್ನ ಮೊಬೈಲಲ್ಲಿ ಒಂದ್ಸಲ ಮಾಡಿ, ಅಷ್ಟೇ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಎನ್‌ಸಿಬಿ ಕಾರಿನದ್ದಲ್ಲ, ನಿಮ್ಮದು. ನಮ್ಮ ಸೋದರಮಾವ ಹಳೇ ಕಾರು ಮಾರಿ ಎಂಟು ತಿಂಗಳಾದ ಮೇಲೆ ಹೊಸದು ತಗೊಳ್ಳೋಕೆ ಹೋಗಿದ್ರು. ಶೋರೂಂನಿಂದಲೇ ಫೋನ್ ಮಾಡಿ, 'ಇನ್ಶೂರೆನ್ಸೇ ಇಷ್ಟೊಂದು ಹೇಳ್ತಿದ್ದಾರಲ್ಲೇ' ಅಂದ್ರು. 'ಮಾವ, ಹಳೇ ಕಾರಲ್ಲಿ ಶೇ 50 ಇತ್ತಲ್ಲ, ಅದೆಲ್ಲಿ?' ಅಂದೆ. ಕಾರಿನ ಜೊತೆ ಅದೂ ಹೋಯ್ತು ಅಂದ್ಕೊಂಡಿದ್ರು. ಕಾರು ಮಾರಿದ ದಾಖಲೆ ಕೊಟ್ಟರೆ ಹಳೇ ಕಂಪನಿ ಎನ್‌ಸಿಬಿ ಸರ್ಟಿಫಿಕೇಟ್ ಕೊಡುತ್ತೆ, ಅದನ್ನ ಮೂರು ವರ್ಷದೊಳಗೆ ಹೊಸ ಗಾಡಿಗೆ ಬಳಸಬಹುದು. ಮಾವ ಡೆಲಿವರಿ ನಾಲ್ಕು ದಿನ ಮುಂದೆ ಹಾಕಿಸಿ, ಸರ್ಟಿಫಿಕೇಟ್ ತಂದು, ಓನ್ ಡ್ಯಾಮೇಜ್ ಪ್ರೀಮಿಯಂ ಅರ್ಧಕ್ಕೆ ಇಳಿಸ್ಕೊಂಡ್ರು. ಅತ್ತೆಗೆ ಮುಹೂರ್ತ ತಪ್ಪಿತಲ್ಲ ಅಂತ ಇನ್ನೂ ಸಿಟ್ಟಿದೆ, ಅದು ಬೇರೆ ಕಥೆ. ಅಂದ ಹಾಗೆ, ಶೋರೂಂನವರ ಹತ್ರಾನೇ ಪಾಲಿಸಿ ತಗೋಬೇಕು ಅನ್ನೋ ಕಾನೂನಿಲ್ಲ. ಹೊರಗಡೆ ಎರಡು ಮೂರು ಕೊಟೇಶನ್ ತರಿಸಿ ತೋರಿಸಿ, ರೇಟು ಹೇಗೆ ಇಳಿಯುತ್ತೆ ನೋಡಿ.

ಬೈಕೂ ಕಾರೂ ಎರಡೂ ಇರೋರು ಇದನ್ನ ಗಮನಿಸಿ: ಮಾಲೀಕರಿಗೆ ಕಡ್ಡಾಯವಾದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಒಂದು ಕಡೆ ಇದ್ರೆ ಸಾಕು. 2019ರಿಂದ ಅದನ್ನ ಪ್ರತ್ಯೇಕವಾಗೂ ತಗೋಬಹುದು. ಎರಡೂ ಗಾಡಿಗೆ ಸುಮ್ನೆ ಕಟ್ತಿದ್ದೀರಾ ಅಂತ ಪಾಲಿಸಿ ತೆಗೆದು ನೋಡಿ.

ಇನ್ನು, ಎಲ್ಲಿ ಉಳಿಸಬಾರದು? ಒಂದು, ಐಡಿವಿ. ಗಾಡಿ ಕಳುವಾದ್ರೆ ನಮಗೆ ಸಿಗೋ ಮೊತ್ತ ಅದು. ಪ್ರೀಮಿಯಂ ಸ್ವಲ್ಪ ಇಳಿಯಲಿ ಅಂತ ಐಡಿವಿ ಇಳಿಸಿ ತೋರಿಸೋ ಆ್ಯಪ್‌ಗಳಿವೆ, ಹುಷಾರು. ಎರಡು, ಬೇಸ್‌ಮೆಂಟಲ್ಲಿ ಕಾರು ನಿಲ್ಲಿಸೋ ಬೆಂಗಳೂರಿನವರಿಗೆ ಎಂಜಿನ್ ಪ್ರೊಟೆಕ್ಟ್. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರ ವರ್ತುಲ ರಸ್ತೆ ಕಡೆ ಏನಾಯ್ತು ಅಂತ ನೋಡಿದ್ದೀರಿ. ನೀರು ಹೊಕ್ಕ ಎಂಜಿನ್ ಸ್ಟಾರ್ಟ್ ಮಾಡಿ ಅದು ಕೆಟ್ಟರೆ ಮಾಮೂಲಿ ಪಾಲಿಸಿ ಸಾಮಾನ್ಯವಾಗಿ ಕೈ ಎತ್ತುತ್ತೆ. ಆ್ಯಡ್ ಆನ್ ಇದ್ರೂ ಕೀ ಮುಟ್ಟಬೇಡಿ, ಟೋ ಮಾಡಿಸಿ.

ಕೊನೆಯದಾಗಿ ತಾರೀಕು. ಪಾಲಿಸಿ ಮುಗಿದು 90 ದಿನ ದಾಟಿದ್ರೆ, ಕೂಡಿಸಿಟ್ಟ ಎನ್‌ಸಿಬಿ ಪೂರ್ತಿ ಹೋಗುತ್ತೆ. ಇನ್ಶೂರೆನ್ಸ್ ಇಲ್ಲದೆ ಓಡಿಸಿ ಸಿಕ್ಕಿಬಿದ್ರೆ ಮೊದಲ ಸಲ 2,000 ದಂಡ, ಮತ್ತೆ ಸಿಕ್ರೆ 4,000. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಆ ಗ್ಯಾಪಲ್ಲಿ ನಿಮ್ಮ ಗಾಡಿ ಯಾರಿಗಾದ್ರೂ ತಾಗಿ ಜೀವ ಹೋದ್ರೆ, ಲಕ್ಷಗಟ್ಟಲೆ ಪರಿಹಾರ ನಿಮ್ಮ ಜೇಬಿಂದಲೇ.

ಈಗಲೇ ಪಾಲಿಸಿ ಪಿಡಿಎಫ್ ತೆಗೆದು ಎನ್‌ಸಿಬಿ ಎಷ್ಟಿದೆ, ಪಾಲಿಸಿ ಯಾವತ್ತು ಮುಗಿಯುತ್ತೆ ನೋಡಿ, ಕ್ಯಾಲೆಂಡರಲ್ಲಿ ಹತ್ತು ದಿನ ಮೊದಲೇ ಅಲಾರಂ ಇಡಿ. ನಿಮ್ಮ ಕ್ಲೇಮ್ ಕಥೆಗಳಿದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಲ ಕೇಳಿಸ್ತೀನಿ. ಬರ್ತೀನಿ.