ಪರದೆಯ ಮೇಲಿನ ಅಂಕಿಯನ್ನು ಎಷ್ಟು ನಂಬಬೇಕು?



ಸಾಲ ಮಾಡಿ ವಿದ್ಯುತ್ ಕಾರು ಕೊಂಡು ಬಾಡಿಗೆಗೆ ಓಡಿಸಬೇಕೆಂಬ ವಿಚಾರ ನಿಮ್ಮಲ್ಲಿ ಕೆಲವರಿಗಾದರೂ ಬಂದಿರಬಹುದು. ಆಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್?" ಇದಕ್ಕೆ ಸಿಗುವ ಉತ್ತರವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದೇ ನನ್ನ ಇಂದಿನ ವಿಷಯ.

ಈ ಪ್ರಶ್ನೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನಿಂದ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರು ಬಂತು. ಒಂದು ಚಾರ್ಜಿಗೆ 80 ಕಿ.ಮೀ. ಎಂದು ಅದರ ಲೆಕ್ಕ. ಎಲ್ಲಿ ನಿಂತುಬಿಡುತ್ತದೋ ಎಂಬ ಭಯ ಸವಾರರನ್ನು ಬಿಡಲಿಲ್ಲ. ಅದಕ್ಕೇ 2009ರಲ್ಲಿ ಅದೇ ಕಂಪನಿ ಒಂದು ಉಪಾಯ ಪ್ರಕಟಿಸಿತು. ಬ್ಯಾಟರಿಯಲ್ಲಿ ಸ್ವಲ್ಪ ವಿದ್ಯುತ್ತನ್ನು ಗುಪ್ತವಾಗಿ ಉಳಿಸಿಡುವುದು, ದಾರಿಯಲ್ಲಿ ಸಿಕ್ಕಿಬಿದ್ದವರು ಫೋನ್ ಮಾಡಿದರೆ ದೂರದಿಂದಲೇ ಅದನ್ನು ಬಿಡುಗಡೆ ಮಾಡುವುದು.

ಇಂದು ನಿಮ್ಮ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಜಾಹೀರಾತಿನದು. ಅದು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಕಾರನ್ನು ಓಡಿಸಿ ಪಡೆದದ್ದು. ಅಲ್ಲಿ ಎದುರುಗಾಳಿ ಇಲ್ಲ, ತಗ್ಗು ದಿಣ್ಣೆಗಳಿಲ್ಲ. 2024ರಲ್ಲಿ ಬಂದ 45 ಯೂನಿಟ್ ಬ್ಯಾಟರಿಯ ಟಾಟಾ ನೆಕ್ಸಾನ್ ಕಾರಿಗೆ ಇಂಥ ಪರೀಕ್ಷೆಯ ಅಂಕಿ 489 ಕಿ.ಮೀ. ಆದರೆ ನಿತ್ಯದ ಬಳಕೆಯಲ್ಲಿ 350ರಿಂದ 370 ಕಿ.ಮೀ. ನಿರೀಕ್ಷಿಸಬಹುದೆಂದು ಕಂಪನಿಯೇ ಹೇಳಿದೆ. ಕಾರುಗಳನ್ನು ಪರಸ್ಪರ ಹೋಲಿಸಲು ಮೊದಲನೆಯ ಅಂಕಿ ಸಾಕು, ಪ್ರಯಾಣ ಹೊರಡಲು ಸಾಲದು.

ಎರಡನೆಯದು ಕಾರಿನ ಪರದೆಯ ಮೇಲಿನದು. ಇದನ್ನು ಹೀಗೆ ತಿಳಿಯಿರಿ. ಮನೆಯಲ್ಲಿ ಜೋಳದ ಚೀಲವಿದೆ. ಹೋದ ವಾರದ ಖರ್ಚು ನೋಡಿ ತಾಯಿ "ಇನ್ನು ಇಪ್ಪತ್ತು ದಿನ ಬರುತ್ತದೆ" ಎನ್ನುತ್ತಾಳೆ. ನಾಳೆ ನಾಲ್ಕು ಜನ ನೆಂಟರು ಬಂದರೆ? ಚೀಲ ಸಣ್ಣದಾಗಲಿಲ್ಲ, ತಾಯಿ ಸುಳ್ಳನ್ನೂ ಹೇಳಲಿಲ್ಲ. ಉಣ್ಣುವವರು ಹೆಚ್ಚಾದರು, ಅಷ್ಟೆ. ಸಾಮಾನ್ಯವಾಗಿ ಪರದೆಯೂ ಹೀಗೆಯೇ ಉಳಿದ ವಿದ್ಯುತ್ತನ್ನು ಇತ್ತೀಚಿನ ಓಟದ ಸರಾಸರಿಯೊಡನೆ ಲೆಕ್ಕ ಹಾಕಿ ಹೇಳುತ್ತದೆ. ಅಂದರೆ ಅದು ನಿನ್ನೆಯ ಲೆಕ್ಕ, ನಾಳೆಯ ಭರವಸೆಯಲ್ಲ.

ಈಗ ನಮ್ಮ ಊರಿನ ಲೆಕ್ಕ ಮಾಡೋಣ. ನರಗುಂದ, ರೋಣ, ಗಜೇಂದ್ರಗಡ ಮೂರೂ ಹೆಚ್ಚುಕಡಿಮೆ ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಸಾಲಿನಲ್ಲಿವೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಗಂಟೆಗೆ 60 ಕಿ.ಮೀ. ವೇಗದ ಕಾರಿಗೆ 20 ಕಿ.ಮೀ. ವೇಗದ ಗಾಳಿ ಎದುರಾದರೆ, ಕಾರು 80ರ ಗಾಳಿಯನ್ನು ಸೀಳಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಸುಮಾರು 1.8 ಪಟ್ಟಾಗುತ್ತದೆ. ಆದ್ದರಿಂದಲೇ ನರಗುಂದದಿಂದ ಹಗುರಾಗಿ ಬಂದ ಕಾರು ಮರಳುವಾಗ ಹೆಚ್ಚು ವಿದ್ಯುತ್ ತಿನ್ನುತ್ತದೆ.

ಆಷಾಢದ ಒಂದು ರಾತ್ರಿ ಎಂದುಕೊಳ್ಳಿ. ಗಜೇಂದ್ರಗಡದ ಒಂದು ಮನೆಯಲ್ಲಿ ಹೆರಿಗೆ ನೋವು. ಗದಗಿನ ಆಸ್ಪತ್ರೆಗೆ ಹೋಗಬೇಕು, ಹಾದಿ 50 ಕಿ.ಮೀ. ದಾಟುತ್ತದೆ. ಬ್ಯಾಟರಿಯಲ್ಲಿ 8 ಯೂನಿಟ್ ಉಳಿದಿದೆ. ದಿನವೆಲ್ಲ ಊರೊಳಗೆ ನಿಧಾನವಾಗಿ ಓಡಿ ಯೂನಿಟ್ಟಿಗೆ 9 ಕಿ.ಮೀ. ಕೊಟ್ಟಿದ್ದರಿಂದ ಪರದೆ 72 ತೋರಿಸುತ್ತದೆ. ಆದರೆ ನೈರುತ್ಯದ ಕಡೆಗೆ ಪ್ರಯಾಣ, ಎದುರುಗಾಳಿ, ಮಳೆ, ಎ.ಸಿ., ತುಂಬಿದ ಕಾರು, ಜೊತೆಗೆ ಅವಸರ. ಯೂನಿಟ್ಟಿಗೆ ಆರೂವರೆ ಬಂದರೆ ಸಿಗುವುದು 52 ಮಾತ್ರ. ಗದಗಿನ ದೀಪಗಳು ಕಾಣುವ ಹೊತ್ತಿಗೆ ಕಾರು ನಿಂತೀತು!

ಹಾಗಾದರೆ ಏನು ಮಾಡಬೇಕು? ಕಿಲೋಮೀಟರ್ ಅಂಕಿಗಿಂತ ಮೊದಲು ಶೇಕಡಾವಾರು ಅಂಕಿ ನೋಡಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರಯಾಣಕ್ಕೆ ಶೇಕಡ ಎಷ್ಟು ಖರ್ಚಾಯಿತೆಂದು ಬರೆದಿಡಿ. ಬೇಸಿಗೆಯದು ಬೇರೆ, ಮುಂಗಾರಿನದು ಬೇರೆ. ಹೊರಡುವಾಗ ನಿಮ್ಮ ಅತಿ ಕೆಟ್ಟ ದಿನದ ಲೆಕ್ಕವನ್ನೇ ಹಿಡಿಯಿರಿ. ಶೇಕಡ 20ನ್ನು ಇಲ್ಲವೆಂದೇ ತಿಳಿಯಿರಿ. ಚಾರ್ಜ್ ಸಾಲದೆನಿಸಿದರೆ ವೇಗ ತಗ್ಗಿಸಿ. ವರ್ಷ ಕಳೆದಂತೆ ಬ್ಯಾಟರಿಯ ಶಕ್ತಿ ಕುಗ್ಗುವುದನ್ನೂ ಮರೆಯಬೇಡಿ.

ವಿದ್ಯಾರ್ಥಿಗಳೇ, ಭಾಗಾಕಾರ, ಸರಾಸರಿ, ವರ್ಗ ಇವೆಲ್ಲ ಪರೀಕ್ಷೆಯ ಅಂಕಗಳಿಗಷ್ಟೇ ಅಲ್ಲ. ಒಂದು ರಾತ್ರಿ ಯಾರದೋ ಜೀವ ನಿಮ್ಮ ಲೆಕ್ಕವನ್ನು ನಂಬಿ ಕಾರಿನಲ್ಲಿ ಕೂತಿರಬಹುದು. ಯಂತ್ರ ತೋರಿಸಿದ ಅಂಕಿ ಎಲ್ಲಿಂದ ಬಂತೆಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.