ಸೌಟು, ಸೀರೆ, ಹಗ್ಗ: ಆಟ ಯಾವುದು, ಹಿಂಸೆ ಯಾವುದು?

(ಬೆಟ್ಟದಪುರದಲ್ಲಿ ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲ, ಕಂತಿನ ಮಾತು ಮುಗಿದ ಮೇಲೆ ಹೆಂಗಸರು ಪಿಸುಮಾತಿನಲ್ಲಿ ಆಡಿಕೊಳ್ಳುವ ಒಂದು ವಿಷಯವನ್ನು ಇವತ್ತು ಬಾಯಿಬಿಟ್ಟು ಮಾತಾಡೋಣ. ಮಲಗುವ ಕೋಣೆಯಲ್ಲಿ ಸೀರೆಯಿಂದ ಕೈ ಕಟ್ಟುವುದು, ಕಣ್ಣಿಗೆ ಬಟ್ಟೆ ಕಟ್ಟುವುದು, ಸೌಟಿನಿಂದ ಹೊಡೆಯುವುದು, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುವುದು ಕೆಲವು ಗಂಡಹೆಂಡಿರಿಗೆ ಇಷ್ಟದ ಆಟ. ಇಬ್ಬರೂ ಒಪ್ಪಿ ಆಡುವವರಿದ್ದಾರೆ. ಮೊಬೈಲಿನಲ್ಲಿ ಏನೋ ನೋಡಿ ಬಂದು ಹೆಂಡತಿಯ ಮೇಲೆ ಹೇರುವವರೂ ಇದ್ದಾರೆ. ಇವೆರಡೂ ಒಂದೇ ಅಲ್ಲ. ವ್ಯತ್ಯಾಸ ತಿಳಿಯದಿದ್ದರೆ, "ಆಟ ಕಣೇ" ಎಂಬ ಒಂದು ಮಾತಿನ ಹಿಂದೆ ಹಿಂಸೆ ಅಡಗಿಕೊಳ್ಳುತ್ತದೆ.

ಇದು ಪರದೇಶದಿಂದ ಬಂದ ಚಟ ಎಂದು ಮೂಗು ಮುರಿಯಬೇಡಿ. ಸುಮಾರು 3ನೇ ಶತಮಾನದ ವಾತ್ಸ್ಯಾಯನನ ಕಾಮಸೂತ್ರದಲ್ಲಿ ಹೊಡೆತದ ಬಗ್ಗೆಯೇ ಒಂದು ಅಧ್ಯಾಯವಿದೆ. ಅಲ್ಲಿ ದಕ್ಷಿಣದವರ ನಾಲ್ಕು ಹೊಡೆತಗಳ ಹೆಸರು ಬರುತ್ತದೆ: ಕೀಲ, ಕರ್ತರಿ, ವಿದ್ಧ, ಸಂದಂಶಿಕೆ. ಗೂಟ, ಕತ್ತರಿ, ಚುಚ್ಚುವ ಸೂಜಿ, ಇಕ್ಕಳ. ಎಲ್ಲ ಮನೆಯ, ಕಸುಬಿನ ಸಾಮಾನಿನ ಹೆಸರುಗಳೇ. ಇವು ಕೈಬೆರಳು ಮಡಚುವ ಬಗೆಗಳೆಂದು 13ನೇ ಶತಮಾನದ ವ್ಯಾಖ್ಯಾನಕಾರ ಯಶೋಧರ ವಿವರಿಸುತ್ತಾನೆ. ಕುಂತಲದ ದೊರೆ ಶಾತಕರ್ಣಿ ಶಾತವಾಹನ ಕರ್ತರಿಯಿಂದ ತನ್ನ ರಾಣಿ ಮಲಯವತಿಯನ್ನು ಕೊಂದ ಎಂದು ವಾತ್ಸ್ಯಾಯನ ಬರೆದಿದ್ದಾನೆ. ಕುಂತಲವೆಂದರೆ ನಮ್ಮ ಕನ್ನಡ ನಾಡಿನ ಹಳೆಯ ಹೆಸರು. ಇಂಥ ಹೊಡೆತ ನೋವಿನದು, ಅನಾರ್ಯವಾದದ್ದು, ಅನುಸರಿಸತಕ್ಕದ್ದಲ್ಲ ಎಂದು ಆತನೇ ಎಚ್ಚರಿಸುತ್ತಾನೆ. ಮಲಯವತಿಗೆ ಅದು ಆಟವಾಗಿತ್ತೇ? ಅವಳನ್ನು ಕೇಳಿ ಬರೆದವರು ಯಾರೂ ಇಲ್ಲ.

ಅದೇ ಅಧ್ಯಾಯದಲ್ಲಿ ಇನ್ನೊಂದು ಅಪಾಯದ ಮಾತಿದೆ. "ಅಮ್ಮಾ", "ಬೇಡ", "ಬಿಡು", "ಸಾಕು" ಎಂಬ ಅರ್ಥದ ಮಾತುಗಳನ್ನೂ ಸುಖದ ಸದ್ದುಗಳ ಪಟ್ಟಿಗೆ ಸೇರಿಸಲಾಗಿದೆ. ಹೆಣ್ಣಿನ "ಬೇಡ"ಕ್ಕೆ ಬೆಲೆಯಿಲ್ಲ ಎಂಬ ರೋಗದ ಬೇರು ಎಷ್ಟು ಹಳೆಯದು ನೋಡಿ. ಇಂದು ವಿವೇಕದಿಂದ ಆಡುವವರು ಇದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದಾರೆ. ಮೊದಲೇ ಕೂತು ಮಾತಾಡುತ್ತಾರೆ: ಏನು ಸರಿ, ಏನು ಕೂಡದು. ಆಮೇಲೆ ಆಟಕ್ಕೆ ಸಂಬಂಧವಿಲ್ಲದ ಒಂದು ಪದ ಆರಿಸಿಕೊಳ್ಳುತ್ತಾರೆ. ರಸ್ತೆಯ ಸಿಗ್ನಲ್ ಹಾಗೆ, "ಹಳದಿ" ಎಂದರೆ ನಿಧಾನ, "ಕೆಂಪು" ಎಂದರೆ ತಕ್ಷಣ ನಿಲ್ಲಿಸು. ಬಾಯಿಗೆ ಬಟ್ಟೆಯಿದ್ದರೆ ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿದಿರುವುದು. ಅದು ಕೆಳಗೆ ಬಿದ್ದರೆ ಆಟ ಮುಗಿಯಿತು. ಹೀಗೆ ಮೊದಲೇ ಮಾತಾಗಿಲ್ಲವೇ? ಹಾಗಾದರೆ "ಬೇಡ" ಎಂದರೆ ಬೇಡ, ಅಷ್ಟೇ.

ಒಪ್ಪಿ ಆಡುವವರೂ ತಿಳಿಯಬೇಕಾದದ್ದಿದೆ. ಕುತ್ತಿಗೆಗೆ ಏನನ್ನೂ ಕಟ್ಟಬಾರದು, ಕುತ್ತಿಗೆ ಒತ್ತಬಾರದು. ಹೊಗೆಸೊಪ್ಪು ಕಟ್ಟುವ ಸಣ್ಣ ಹುರಿ ಚರ್ಮ ಕೊಯ್ಯುತ್ತದೆ, ನರ ಒತ್ತುತ್ತದೆ; ಅಗಲದ ಮೆತ್ತನೆ ಬಟ್ಟೆಯೇ ವಾಸಿ. ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ನೀಲಿಯಾದರೆ ಕೂಡಲೇ ಬಿಚ್ಚಬೇಕು. ಕತ್ತರಿ ಕೈಗೆಟುಕುವಲ್ಲಿರಬೇಕು. ಕಟ್ಟಿಹಾಕಿದವರನ್ನು ಒಬ್ಬರೇ ಬಿಟ್ಟು ಹೋಗಬಾರದು. ಹೊಟ್ಟೆ, ಬೆನ್ನುಮೂಳೆ, ಮೂತ್ರಪಿಂಡವಿರುವ ಸೊಂಟದ ಮೇಲ್ಭಾಗ, ತಲೆ, ಇಲ್ಲಿಗೆ ಏಟು ಸಲ್ಲದು. ಕುಡಿದಾಗ ಆಟವೇ ಬೇಡ.

ಸಾಮಾನು ಯಾವುದು ಎಂಬುದರಿಂದ ಏನೂ ತಿಳಿಯುವುದಿಲ್ಲ. ಅನ್ನ ಬೇಯಿಸುವ ಸ್ಟವ್ ಅನ್ನೇ ನೋಡಿ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ಸುಟ್ಟು ಸತ್ತ ಸೊಸೆಯಂದಿರ ಪ್ರಕರಣಗಳ ಬೆನ್ನು ಹತ್ತಿದಾಗ, "ಸ್ಟವ್ ಸಿಡಿದು ಸಾವು" ಎಂಬ ದಾಖಲೆಗಳ ಹಿಂದೆ ವರದಕ್ಷಿಣೆಯ ಕಥೆಗಳಿದ್ದವು. ಆದ್ದರಿಂದ ಕೇಳಬೇಕಾದದ್ದು ಬೇರೆ. ನಾನು ಬೇಡವೆಂದರೆ ನಾಳೆ ಬೆಳಿಗ್ಗೆ ನನಗೆ ಏನಾಗುತ್ತದೆ? ಊಟ ತಪ್ಪುತ್ತದೆಯೇ, ತವರಿಗೆ ಅಟ್ಟುತ್ತಾರೆಯೇ, ಬಾಕಿ ಚಿನ್ನದ ಮಾತು ಬರುತ್ತದೆಯೇ? ನಾನೂ ಅವರ ಕೈ ಕಟ್ಟಬೇಕೆಂದು ಕೇಳಬಹುದೇ? ನಿಲ್ಲಿಸೆಂದಾಗ ನಿಲ್ಲಿಸುತ್ತಾರೆಯೇ? ಬೇಡವೆನ್ನಲು ಹೆದರಿಕೆಯಾದರೆ ಅದು ಆಟವಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ಹೆದರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂಬುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 28ನೇ ಕಲಂ. ಹಳೆಯ 498ಎ ಈಗ 85ನೇ ಕಲಂ. ವರದಕ್ಷಿಣೆ ಸಾವಿನ 304ಬಿ ಈಗ 80ನೇ ಕಲಂ. ಗಂಡ ಬಲಾತ್ಕಾರ ಮಾಡಿದರೆ ಅದು ಅತ್ಯಾಚಾರವಲ್ಲ ಎಂಬ ವಿನಾಯಿತಿ ಹೊಸ ಸಂಹಿತೆಯಲ್ಲೂ ಉಳಿದಿದೆ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ಒಪ್ಪಲಿಲ್ಲ. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಲೈಂಗಿಕ ಹಿಂಸೆಯನ್ನೂ ಹಿಂಸೆಯೆಂದೇ ಕರೆಯುತ್ತದೆ. ಅದರಡಿ ರಕ್ಷಣಾ ಆದೇಶ, ಮನೆಯಲ್ಲೇ ಇರುವ ಹಕ್ಕು, ಖರ್ಚಿನ ಹಣ ಕೇಳಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಕಡೆಯದಾಗಿ, ಸಂಘದವರಿಗೆ ಒಂದು ಮಾತು. ಗಾಯದ ಗುರುತಿಟ್ಟುಕೊಂಡು ಒಬ್ಬಳು ಸಭೆಗೆ ಬಂದರೆ, "ಗಂಡಹೆಂಡಿರ ವಿಚಾರ" ಎಂದು ಮುಖ ತಿರುಗಿಸಬೇಡಿ. "ಥೂ, ಇದೇನು ನಾಚಿಕೆಗೇಡು" ಎಂದು ಬಾಯಿ ಮುಚ್ಚಿಸಲೂಬೇಡಿ. ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿ: "ಇದು ನಿನಗೂ ಬೇಕಿತ್ತೇನವ್ವ?" ಹೌದೆಂದರೆ ಹುಷಾರಾಗಿರಲು ಹೇಳಿ ಸುಮ್ಮನಾಗಿ. ಇಲ್ಲವೆಂದರೆ, ಅಥವಾ ಉತ್ತರ ಬಾರದೆ ಕಣ್ಣೀರು ಬಂದರೆ, ಅವಳ ಜೊತೆ ಹೊರಡಲು ಇಬ್ಬರು ಎದ್ದು ನಿಲ್ಲಿ.